ಲೈವ್ ಆಲ್ಬಮ್ ಚೆನ್ನಾಗಿದ್ದರೆ ಕಾನ್ಸರ್ಟ್‌ಗೆ ಯಾಕೆ ಹೋಗ್ಬೇಕು?

ಕಳೆದ ವರ್ಷ ರಾಜ್ಯೋತ್ಸವದ ಸಂಜೆ ನಮ್ಮ ಕನ್ನಡ ಸಂಘದ ಬ್ಯಾಂಡ್ ಕಾಲೇಜಿನ ಆಡಿಟೋರಿಯಂನಲ್ಲಿ ಒಂದು ಗಂಟೆ ಹಾಡಿತು. ಆಗ ನಾವಿನ್ನೂ ಫಸ್ಟ್ ಇಯರ್. ನಮ್ಮಲ್ಲಿ ಯಾರಿಗೂ ಹಾಡೋಕೆ ಬರಲ್ಲ, ಗಿಟಾರೂ ಬರಲ್ಲ. ಅದಕ್ಕೆ ಸೀನಿಯರ್‌ಗಳು ನಮ್ಮನ್ನು ರೆಕಾರ್ಡಿಂಗ್‌ಗೆ ಕೂರಿಸಿದರು. ಮಿಕ್ಸರ್‌ನಿಂದ ಲ್ಯಾಪ್‌ಟಾಪ್‌ಗೆ ಒಂದು ಕೇಬಲ್ ಎಳೆದು, ಲೆವೆಲ್ ನೋಡುತ್ತಾ ಕೂತಿದ್ದೆವು. ಆಮೇಲೆ ಮೂರು ರಾತ್ರಿ ನಿದ್ದೆಗೆಟ್ಟು ಎಡಿಟ್ ಮಾಡಿದೆವು. ಮೈಕಿಗೆ ಸಿಕ್ಕಿದ ಕೆಮ್ಮು, ಹಾಡುಗಳ ಮಧ್ಯದ ಮಾತು, 'ಹಲೋ ಹಲೋ ಮೈಕ್ ಟೆಸ್ಟಿಂಗ್' ಎಲ್ಲವನ್ನೂ ತೆಗೆದು, 'ಲೈವ್' ಅಂತ ಹೆಸರಿಟ್ಟು ಹಂಚಿದೆವು. ನಮಗಂತೂ ತುಂಬಾ ಹೆಮ್ಮೆ ಇತ್ತು.

ಈ ವರ್ಷ ಹೊಸದಾಗಿ ಬಂದ ಜೂನಿಯರ್‌ಗಳಿಗೆ ಅದನ್ನೇ ಕಳಿಸಿ, 'ನವೆಂಬರ್‌ನಲ್ಲಿ ಮತ್ತೆ ಇದೆ, ಎಲ್ಲರೂ ಬರಬೇಕು' ಅಂದೆವು. ಹಾಸ್ಟೆಲ್‌ನಲ್ಲಿ ಒಬ್ಬ ಹುಡುಗ ಪೂರ್ತಿ ಕೇಳಿ, ಇಯರ್‌ಫೋನ್ ತೆಗೆದು ಹೇಳಿದ್ದು ಇಷ್ಟೇ: 'ಚೆನ್ನಾಗಿದೆ ಅಣ್ಣಾ. ಆದ್ರೆ ಇದನ್ನ ಇಲ್ಲೇ ಕೇಳಬಹುದಲ್ಲ?'

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಬ್ಯಾಂಡ್‌ನಲ್ಲಿರುವ ನಾಲ್ಕು ಜನ ಈಗ ಫೈನಲ್ ಇಯರ್, ಇದು ಅವರ ಕೊನೆಯ ಶೋ. ಹೋದ ಸಲವೇ ಹಿಂದಿನ ಸಾಲುಗಳು ಖಾಲಿ ಇದ್ದವು. ಈ ಸಲವೂ ಹಾಗೇ ಆದರೆ 'ಮುಂದಿನ ವರ್ಷ ಆಡಿಟೋರಿಯಂ ಯಾಕೆ, ಸೆಮಿನಾರ್ ಹಾಲ್ ಸಾಕು' ಅನ್ನೋ ಮಾತು ಬಂದೇ ಬರುತ್ತೆ. ಜನರನ್ನು ಕರೆಯೋಕೆ ಅಂತ ಮಾಡಿದ ರೆಕಾರ್ಡಿಂಗೇ ಜನರನ್ನು ರೂಮಿನಲ್ಲಿ ಕೂರಿಸುತ್ತಿದೆಯಾ? ಇದನ್ನು ತಿಳ್ಕೊಳ್ಳೋಣ ಅಂತ ನಾವು ಹಳೇ ಲೈವ್ ಆಲ್ಬಮ್‌ಗಳ ಕಥೆ ಓದಿದೆವು, ಕೇಳಿದೆವು. ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಇಡ್ಲಿಗೆ ದೋಸೆಯಾ, ಇಡ್ಲಿಗೆ ಚಟ್ನಿಯಾ?

ಅರ್ಥಶಾಸ್ತ್ರದಲ್ಲಿ ಎರಡು ವಸ್ತುಗಳ ನಡುವೆ ಎರಡು ಥರದ ಸಂಬಂಧ ಹೇಳುತ್ತಾರೆ. ಮೆಸ್ಸಿನಲ್ಲಿ ದೋಸೆ ಸಿಕ್ಕಿದರೆ ನಾವು ಇಡ್ಲಿ ತಿನ್ನಲ್ಲ. ಒಂದು ಇನ್ನೊಂದಕ್ಕೆ ಬದಲಿ. ಆದರೆ ಚಟ್ನಿ ಚೆನ್ನಾಗಿದ್ದರೆ ಇನ್ನೆರಡು ಇಡ್ಲಿ ಹಾಕಿಸ್ಕೊಳ್ತೀವಿ. ಅಲ್ಲಿ ಒಂದು ಇನ್ನೊಂದಕ್ಕೆ ಜೊತೆ.

ಲೈವ್ ಆಲ್ಬಮ್ ಕಾನ್ಸರ್ಟ್‌ಗೆ ಬದಲಿಯಾ, ಜೊತೆಯಾ? ನಮ್ಮ ಜೂನಿಯರ್‌ಗೆ ಅದು ಬದಲಿ ಆಯ್ತು. ಕೇಳಿದ, ಮುಗೀತು. ಆದರೆ ಲೈವ್ ಆಲ್ಬಮ್ ಕೇಳಿಯೇ ಒಂದು ತಂಡದ ಹಿಂದೆ ಊರೂರು ಅಲೆದ ಅಭಿಮಾನಿಗಳೂ ಇದ್ದಾರೆ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಎಲ್ಲರೂ ಮೊದಲು ಹೇಳೋ ಉತ್ತರ 'ಕ್ವಾಲಿಟಿ'. ಆದರೆ ಕ್ವಾಲಿಟಿ ಅಂದರೆ ಒಂದೇ ಅಲ್ಲ, ಎರಡು ಇದೆ.

ಒಂದು, ಸದ್ದು ಎಷ್ಟು ಸ್ವಚ್ಛವಾಗಿದೆ ಅನ್ನೋದು: ನಾಯ್ಸ್ ಇಲ್ಲ, ಒಡೆಯಲ್ಲ, ಪ್ರತಿ ವಾದ್ಯವೂ ಬೇರೆ ಬೇರೆ ಕೇಳುತ್ತೆ. ಎರಡು, ಆವತ್ತು ಅಲ್ಲಿ ಆದದ್ದು ಎಷ್ಟು ನಮ್ಮವರೆಗೆ ಬರುತ್ತೆ ಅನ್ನೋದು: ಹಾಲ್ ಎಷ್ಟು ದೊಡ್ಡದು, ಜನ ಯಾವಾಗ ಸುಮ್ಮನಾದರು, ಹಾಡು ಎಲ್ಲಿ ದಾರಿ ಬದಲಿಸಿತು. ನಾವು ಮೊದಲನೆಯದಕ್ಕೆ ಮೂರು ರಾತ್ರಿ ಕೊಟ್ಟೆವು. ಎರಡನೆಯದು ನಮ್ಮ ತಲೆಗೇ ಬಂದಿರಲಿಲ್ಲ.

ಕಿರುಚಾಟದಲ್ಲಿ ಮುಳುಗಿದ ಟೇಪು

ಮೊದಲನೆಯದು ಬೇಡವೇ ಬೇಡ ಅಂತಲ್ಲ. ಬೀಟಲ್ಸ್ ಉದಾಹರಣೆ ನೋಡಿ. 1964 ಮತ್ತು 1965ರಲ್ಲಿ ಲಾಸ್ ಏಂಜಲೀಸ್‌ನ ಹಾಲಿವುಡ್ ಬೌಲ್‌ನಲ್ಲಿ ಅವರ ಶೋಗಳನ್ನು ಕ್ಯಾಪಿಟಲ್ ಕಂಪನಿ ರೆಕಾರ್ಡ್ ಮಾಡಿತು. ಆಗ ಇದ್ದದ್ದು ಮೂರು ಟ್ರ್ಯಾಕ್‌ನ ಟೇಪ್. ಅಭಿಮಾನಿಗಳ ಕಿರುಚಾಟ ಎಲ್ಲ ಮೈಕಿಗೂ ನುಗ್ಗಿತ್ತು. ಈ ಕ್ವಾಲಿಟಿಯಲ್ಲಿ ಹೊರಗೆ ಬಿಡೋದು ಬೇಡ ಅಂತ ಟೇಪನ್ನು ಒಳಗಿಟ್ಟರು. ಅದು ಆಲ್ಬಮ್ ಆಗಿ ಬಂದದ್ದು 1977ರಲ್ಲಿ, ತಂಡ ಒಡೆದು ಎಷ್ಟೋ ವರ್ಷ ಆದ ಮೇಲೆ. 2016ರಲ್ಲಿ ಅದನ್ನು ಮತ್ತೆ ಮಿಕ್ಸ್ ಮಾಡಿದಾಗ, ಕಿರುಚಾಟದಿಂದ ಹಾಡನ್ನು ಬಿಡಿಸೋಕೆ ಕಂಪ್ಯೂಟರ್ ಪ್ರೋಗ್ರಾಂಗಳನ್ನೇ ಬಳಸಬೇಕಾಯಿತು.

ಆ ಕಾಲದ ಸ್ಟೇಜ್‌ನಲ್ಲೂ ಸ್ಥಿತಿ ಹಾಗೇ ಇತ್ತು. 1965ರಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ 55,000ಕ್ಕೂ ಹೆಚ್ಚು ಜನ ಇದ್ದರು. ಇವತ್ತಿನ ಹಾಗೆ ಸ್ಟೇಜ್ ಮಾನಿಟರ್ ಇರಲಿಲ್ಲ. ತಮ್ಮ ಹಾಡು ತಮಗೇ ಕೇಳದೆ ಅವರು ಹಾಡಿದರು. ಮುಂದಿನ ವರ್ಷ ಆಗಸ್ಟ್‌ನಲ್ಲಿ ಟೂರ್ ಮಾಡುವುದನ್ನೇ ನಿಲ್ಲಿಸಿದರು. ಅಂದರೆ ಹಾಡೇ ಕೇಳದಿದ್ದರೆ, ಎಷ್ಟೇ ಜನರ ಸದ್ದು ಇದ್ದರೂ ಅದು ಸಂಗೀತದ ದಾಖಲೆ ಆಗಲ್ಲ. ಒಂದು ಮಟ್ಟದ ಸ್ವಚ್ಛತೆ ಬೇಕೇ ಬೇಕು. ಆ ಮಟ್ಟ ದಾಟಿದ ಮೇಲೆ ಏನು ಅನ್ನೋದು ನಮ್ಮ ಪ್ರಶ್ನೆ.

ಹಾಲ್ ಕೇಳಿಸುವ ಆಲ್ಬಮ್‌ಗಳು

1962ರ ಅಕ್ಟೋಬರ್ 24ರಂದು ನ್ಯೂಯಾರ್ಕಿನ ಹಾರ್ಲೆಮ್‌ನ ಅಪೊಲೊ ಥಿಯೇಟರ್‌ನಲ್ಲಿ ಜೇಮ್ಸ್ ಬ್ರೌನ್ ತನ್ನ ಶೋ ರೆಕಾರ್ಡ್ ಮಾಡಿಸಿದ. ಅವನ ಕಂಪನಿಯ ಮಾಲೀಕನಿಗೆ ಇದು ಇಷ್ಟ ಇರಲಿಲ್ಲ. ಹೊಸ ಹಾಡೇ ಇಲ್ಲದ ಆಲ್ಬಮನ್ನು ಯಾರು ಕೊಳ್ತಾರೆ ಅನ್ನೋದು ಆತನ ವಾದ. ಬ್ರೌನ್ ತನ್ನ ಕೈಯಿಂದ ದುಡ್ಡು ಹಾಕಿದ. 1963ರಲ್ಲಿ ಬಂದ ಆ ಆಲ್ಬಮ್ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಹೋಗಿ, ಒಂದು ವರ್ಷಕ್ಕೂ ಹೆಚ್ಚು ಕಾಲ ಪಟ್ಟಿಯಲ್ಲಿ ಉಳಿಯಿತು.

ಅರ್ಧ ಗಂಟೆಯ ಆಲ್ಬಮ್ ಅದು. ಇಯರ್‌ಫೋನ್ ಹಾಕ್ಕೊಂಡು ಒಮ್ಮೆ ಕೇಳಿ. ಜನ ಬರೀ ಚಪ್ಪಾಳೆ ತಟ್ಟುತ್ತಾ ಕೂತಿಲ್ಲ. ಅವನು ಒಂದು ಸಾಲು ಹಾಡಿ ನಿಲ್ಲಿಸಿದರೆ ಅವರು ಕೂಗಿ ಉತ್ತರ ಕೊಡ್ತಾರೆ, ಆ ಕೂಗಿಗಾಗಿ ಅವನು ಕಾಯ್ತಾನೆ. ಕೇಳ್ತಾ ಕೇಳ್ತಾ ನಮಗೂ ಗೊತ್ತಾಗುತ್ತೆ, ಆ ಹಾಡಿನ ಅರ್ಧ ಪಾಲು ಸ್ಟೇಜ್ ಕೆಳಗಿದೆ ಅಂತ. ರೂಮಿನಲ್ಲಿ ಕೂತವನಿಗೆ ಆ ಅರ್ಧದಲ್ಲಿ ಜಾಗ ಇಲ್ಲ. ಹೋಗ್ಬೇಕು ಅನ್ನೋ ಆಸೆ ಹುಟ್ಟೋದು ಅಲ್ಲಿ ಅಂತ ನಮಗೆ ಅನ್ನಿಸಿತು.

ಇನ್ನೊಂದು, ಡೀಪ್ ಪರ್ಪಲ್ ತಂಡದ 'ಮೇಡ್ ಇನ್ ಜಪಾನ್'. 1972ರ ಆಗಸ್ಟ್ 15ರಿಂದ 17ರವರೆಗೆ ಮೂರು ರಾತ್ರಿ, ಒಸಾಕಾ ಮತ್ತು ಟೋಕಿಯೊದಲ್ಲಿ ರೆಕಾರ್ಡ್ ಆದದ್ದು. ಆಲ್ಬಮ್ ಬೇಕು ಅಂತ ಕೇಳಿದ್ದು ಜಪಾನಿನ ರೆಕಾರ್ಡ್ ಕಂಪನಿ, ಅದೂ ಜಪಾನಿನಲ್ಲಿ ಮಾತ್ರ ಮಾರೋಕೆ. ತಂಡಕ್ಕೆ ಲೈವ್ ಆಲ್ಬಮ್‌ಗಳ ಮೇಲೆ ನಂಬಿಕೆ ಇರಲಿಲ್ಲ. ಮಾಡೋದಾದರೆ ನಮ್ಮ ಎಂಜಿನಿಯರ್ ಮಾರ್ಟಿನ್ ಬರ್ಚ್ ಅವರೇ ಮಾಡಬೇಕು ಅಂದರು. ಎಂಟು ಟ್ರ್ಯಾಕ್‌ನಲ್ಲಿ ಮಾಡಿದ ರೆಕಾರ್ಡಿಂಗ್ ಎಷ್ಟು ಚೆನ್ನಾಗಿ ಬಂತು ಅಂದರೆ, ಕೊನೆಗೆ ಅದನ್ನು ಎಲ್ಲ ದೇಶಗಳಲ್ಲೂ ಬಿಡುಗಡೆ ಮಾಡಿದರು.

ಸ್ಟುಡಿಯೊದಲ್ಲಿ ಸುಮಾರು ನಾಲ್ಕೂವರೆ ನಿಮಿಷ ಇದ್ದ 'ಸ್ಪೇಸ್ ಟ್ರಕಿನ್' ಹಾಡು ಇಲ್ಲಿ 20 ನಿಮಿಷದ ಹತ್ತಿರ ಹೋಗುತ್ತೆ. ಹಾಡುಗಾರ ಮತ್ತು ಗಿಟಾರ್ ಒಬ್ಬರನ್ನೊಬ್ಬರು ಅಣಕಿಸ್ತಾರೆ, ಆರ್ಗನ್ ಎಲ್ಲೋ ಹೋಗಿ ವಾಪಸ್ ಬರುತ್ತೆ. ನಮ್ಮಲ್ಲಿ ಕಛೇರಿ ಕೇಳುವವರಿಗೆ ಇದು ಹೊಸದಲ್ಲ. ಅದೇ ಕೃತಿ, ಅದೇ ಕಲಾವಿದರು, ಆದರೆ ಇವತ್ತಿನ ಆಲಾಪನೆ ನಿನ್ನೆಯದಲ್ಲ. ಮನೆಯಲ್ಲಿ ರೆಕಾರ್ಡಿಂಗ್ ಇದ್ದರೂ ಅಜ್ಜ-ಅಜ್ಜಿ ರಾಮನವಮಿ ಕಛೇರಿಗೆ ಹೊರಡೋದು ಇದಕ್ಕೇ ಅಲ್ವಾ? 'ಮೇಡ್ ಇನ್ ಜಪಾನ್' ಕೇಳಿದವನಿಗೆ ಹಾಡು ಗೊತ್ತಾಗೋದರ ಜೊತೆಗೆ, ನಾಳೆ ರಾತ್ರಿ ಇದು ಬೇರೆ ಥರ ಇರುತ್ತೆ ಅನ್ನೋದೂ ಗೊತ್ತಾಗುತ್ತೆ.

ಇದೇ ಮಾರ್ಟಿನ್ ಬರ್ಚ್ ಮುಂದೆ ಐರನ್ ಮೇಡನ್ ತಂಡದ ಲೈವ್ ಆಲ್ಬಮ್ 'ಲೈವ್ ಆಫ್ಟರ್ ಡೆತ್' ನಿರ್ಮಿಸಿದರು. ಅದು ಬಂದದ್ದು 1985ರಲ್ಲಿ. ಐರನ್ ಮೇಡನ್ ಭಾರತದಲ್ಲಿ ಮೊದಲ ಬಾರಿ ನುಡಿಸಿದ್ದು 2007ರ ಮಾರ್ಚ್ 17ರಂದು, ನಮ್ಮ ಬೆಂಗಳೂರಿನ ಅರಮನೆ ಮೈದಾನದಲ್ಲಿ. ಮಧ್ಯೆ 22 ವರ್ಷ. ಅಷ್ಟೂ ಕಾಲ ಇಲ್ಲಿನ ಅಭಿಮಾನಿಗಳಿಗೆ ಆ ತಂಡದ ಕಾನ್ಸರ್ಟ್ ಅಂದರೆ ಕ್ಯಾಸೆಟ್, ಸಿಡಿ, ವಿಡಿಯೊ ಮಾತ್ರ. ಆ ಆಲ್ಬಮ್‌ನಲ್ಲಿ ಹಾಡುಗಾರ ಜನರಿಗೆ ಅವರ ಊರಿನ ಹೆಸರು ಹಿಡಿದು ಕೂಗಿ ಹೇಳ್ತಾನೆ. ಬೇರೆ ಯಾವುದೋ ಊರಿನ ಹೆಸರನ್ನೇ ವರ್ಷಗಟ್ಟಲೆ ಕೇಳಿದವರಿಗೆ, ಒಂದು ಸಲ ನಮ್ಮೂರಿನ ಹೆಸರು ಕೂಗಲಿ ಅನ್ನಿಸದೇ ಇರುತ್ತಾ?

ತಿದ್ದಿದ 'ಲೈವ್'

ಇಲ್ಲಿ ಒಂದು ತೊಡಕಿದೆ. ಲೈವ್ ಅಂತ ಬರೆದಿರೋದೆಲ್ಲ ಪೂರ್ತಿ ಲೈವ್ ಅಲ್ಲ. ತಪ್ಪಿದ ಸ್ವರವನ್ನು ಸ್ಟುಡಿಯೊದಲ್ಲಿ ಮತ್ತೆ ಹಾಡಿಸಿ ಸೇರಿಸೋದಕ್ಕೆ ಓವರ್‌ಡಬ್ ಅಂತಾರೆ.

ಕಿಸ್ ತಂಡದ ಮೊದಲ ಮೂರು ಸ್ಟುಡಿಯೊ ಆಲ್ಬಮ್‌ಗಳು ಅಷ್ಟಾಗಿ ಮಾರಾಟವಾಗಲಿಲ್ಲ. ಆದರೆ ಅವರ ಶೋ ನೋಡಿದವರು ಹುಚ್ಚರಾಗುತ್ತಿದ್ದರು. 1975ರಲ್ಲಿ ಬಂದ 'ಅಲೈವ್!' ಅವರನ್ನು ದೊಡ್ಡ ತಂಡ ಮಾಡಿತು. ಅದರಲ್ಲಿ ಸ್ಟುಡಿಯೊದಲ್ಲಿ ಮತ್ತೆ ನುಡಿಸಿ ಸೇರಿಸಿದ್ದು ಇದೆ ಅಂತ ನಿರ್ಮಾಪಕ ಎಡ್ಡಿ ಕ್ರೇಮರ್ ಆಮೇಲೆ ಒಪ್ಪಿಕೊಂಡರು. ಥಿನ್ ಲಿಝಿ ತಂಡದ 'ಲೈವ್ ಅಂಡ್ ಡೇಂಜರಸ್' 1978ರದು. ಅದರ ನಿರ್ಮಾಪಕ ಟೋನಿ ವಿಸ್ಕಾಂಟಿ, ಮುಕ್ಕಾಲು ಪಾಲು ಸ್ಟುಡಿಯೊದಲ್ಲಿ ಆದದ್ದು ಅಂದರು. ತಂಡದವರು ಇಲ್ಲವೇ ಇಲ್ಲ ಅಂದರು. ಆ ಜಗಳ ಇನ್ನೂ ಮುಗಿದಿಲ್ಲ.

ಹಾಗಾದರೆ ಇವು ಮೋಸವಾ? ನಮ್ಮಲ್ಲೇ ಎರಡು ಅಭಿಪ್ರಾಯ ಬಂತು. ಕಿಸ್ ಶೋಗೆ ಹೋದವನಿಗೆ ಅಲ್ಲಿ ಬೆಂಕಿ, ಹೊಗೆ, ಮುಖದ ಬಣ್ಣ ಎಲ್ಲ ಸಿಗುತ್ತಿತ್ತು. ಆಲ್ಬಮ್ ಹೇಳಿದ್ದಕ್ಕಿಂತ ಜಾಸ್ತಿಯೇ ಸಿಗುತ್ತಿತ್ತು, ಹಾಗಾಗಿ ಯಾರೂ ದೂರಲಿಲ್ಲ. ಆದರೆ ಆಲ್ಬಮ್‌ನಲ್ಲಿ ಸ್ಟುಡಿಯೊ ಕಂಠ, ಸ್ಟೇಜ್ ಮೇಲೆ ಬೇಸುರ ಅಂತಾದರೆ? ಒಂದು ಸಲ ಬರ್ತಾರೆ, ಎರಡನೇ ಸಲ ಬರಲ್ಲ. ಲೈವ್ ಆಲ್ಬಮ್ ಅಂದರೆ ಬಂದರೆ ಇದು ಸಿಗುತ್ತೆ ಅಂತ ಕೊಟ್ಟ ಮಾತು. ಸ್ಟೇಜ್ ಮೇಲೆ ಉಳಿಸಿಕೊಳ್ಳೋಕೆ ಆಗುವಷ್ಟೇ ಮಾತು ಕೊಡೋದು ಒಳ್ಳೇದು.

ಒಂದು ಎಚ್ಚರಿಕೆಯನ್ನೂ ಹೇಳಿಬಿಡಬೇಕು. ಕಿಸ್ ಶೋಗಳು ಮೊದಲೇ ಚೆನ್ನಾಗಿದ್ದವು, ಅದಕ್ಕೇ ಆಲ್ಬಮ್ ಚೆನ್ನಾಗಿ ಬಂತು. ಆಲ್ಬಮ್‌ನಿಂದ ಜನ ಬಂದರಾ, ಒಳ್ಳೇ ಶೋನಿಂದ ಎರಡೂ ಆಯ್ತಾ ಅಂತ ಬಿಡಿಸಿ ಹೇಳೋದು ಕಷ್ಟ. ಲ್ಯಾಬ್‌ನಲ್ಲಿ ಮಾಡೋ ಹಾಗೆ ಇಲ್ಲಿ ಒಂದನ್ನು ಸ್ಥಿರವಾಗಿಟ್ಟು ಇನ್ನೊಂದನ್ನು ಬದಲಿಸೋಕೆ ಆಗಲ್ಲ.

ಎಲ್ಲವನ್ನೂ ಕೊಟ್ಟವರು ಮುಳುಗಲಿಲ್ಲ

ಒಳ್ಳೇ ರೆಕಾರ್ಡಿಂಗ್ ಕೊಟ್ಟರೆ ಜನ ಮನೆಯಲ್ಲೇ ಉಳೀತಾರೆ ಅನ್ನೋ ಭಯಕ್ಕೆ ದೊಡ್ಡ ಉತ್ತರ ಗ್ರೇಟ್‌ಫುಲ್ ಡೆಡ್ ತಂಡ. ಅವರ ಅಭಿಮಾನಿಗಳು ಶೋಗೆ ಟೇಪ್ ರೆಕಾರ್ಡರ್ ತಂದು ರೆಕಾರ್ಡ್ ಮಾಡಿ, ಒಬ್ಬರಿಗೊಬ್ಬರು ದುಡ್ಡಿಲ್ಲದೆ ಹಂಚಿಕೊಳ್ತಿದ್ದರು. ತಂಡ ತಡೆಯಲಿಲ್ಲ. 1984ರಿಂದ ಟೇಪ್ ಮಾಡುವವರಿಗೆ ಅಂತಲೇ ಪ್ರತ್ಯೇಕ ಜಾಗ ಕೊಟ್ಟರು! ಅಮೆರಿಕದ ಟಾಪ್ 10 ಪಟ್ಟಿಗೆ ಹೋದ ಅವರ ಹಾಡು ಒಂದೇ ಒಂದು, 1987ರಲ್ಲಿ. ಆದರೂ 1990ರ ದಶಕದ ಆರಂಭದಲ್ಲಿ ಅವರು ಅಮೆರಿಕದಲ್ಲಿ ಟೂರ್‌ನಿಂದ ಅತಿ ಹೆಚ್ಚು ಗಳಿಸುವ ತಂಡಗಳಲ್ಲಿ ಒಂದಾಗಿದ್ದರು.

ಯಾಕೆ? ಪ್ರತಿ ರಾತ್ರಿ ಹಾಡುಗಳ ಪಟ್ಟಿ ಬೇರೆ, ನುಡಿಸುವ ರೀತಿಯೂ ಬೇರೆ. ಒಂದು ಟೇಪ್ ಕೇಳಿದವನಿಗೆ ಇನ್ನೊಂದು ಬೇಕು ಅನ್ನಿಸುತ್ತಿತ್ತು. ಹತ್ತು ಟೇಪ್ ಕೇಳಿದವನಿಗೆ, ಮುಂದಿನ ಒಳ್ಳೇ ರಾತ್ರಿಯಲ್ಲಿ ನಾನೇ ಅಲ್ಲಿರಬೇಕು ಅನ್ನಿಸುತ್ತಿತ್ತು. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ ನಡೆದ ಶೋನ ಟೇಪ್ ಅಭಿಮಾನಿಗಳಲ್ಲಿ ಬಹಳ ಹೆಸರುವಾಸಿ. ಅದನ್ನು ರೆಕಾರ್ಡ್ ಮಾಡಿದವರು ಬೆಟ್ಟಿ ಕ್ಯಾಂಟರ್-ಜಾಕ್ಸನ್ ಎಂಬ ಎಂಜಿನಿಯರ್. ಅಧಿಕೃತ ಆಲ್ಬಮ್ ಆಗಿ ಬರೋ ಹೊತ್ತಿಗೆ 2017 ಆಗಿತ್ತು. ಆದರೆ ಅಷ್ಟರೊಳಗೆ 40 ವರ್ಷ ಅದು ಕೈಯಿಂದ ಕೈಗೆ ಓಡಾಡಿತ್ತು. ಗಮನಿಸಿ, ಅದೂ ಒಂದು ಕಾಲೇಜ್ ಶೋ!

2000ದಲ್ಲಿ ಪರ್ಲ್ ಜ್ಯಾಮ್ ತಂಡ ಇನ್ನೂ ಮುಂದೆ ಹೋಯಿತು. ಆ ವರ್ಷದ ಟೂರ್‌ನ 72 ಶೋಗಳನ್ನು 72 ಬೇರೆ ಬೇರೆ ಲೈವ್ ಆಲ್ಬಮ್ ಆಗಿ ಬಿಡುಗಡೆ ಮಾಡಿತು. ಅವರ ಶೋಗಳು ಅಲ್ಲಿಗೆ ನಿಲ್ಲಲಿಲ್ಲ.

ನಮ್ಮದು ಕೆಟ್ಟದ್ದು ಎಲ್ಲಿ?

ಇಷ್ಟು ಓದಿ ನಮ್ಮ ರೆಕಾರ್ಡಿಂಗನ್ನು ಮತ್ತೆ ಕೇಳಿದೆವು. ಒಂದೊಂದೇ ತಪ್ಪು ಕಾಣಿಸತೊಡಗಿತು.

ಮಿಕ್ಸರ್‌ನಿಂದ ಹೊರಗೆ ಬರೋದು ಹಾಲ್‌ನಲ್ಲಿ ಕೇಳುವ ಸದ್ದಲ್ಲ, ಹಾಲ್‌ನಲ್ಲಿ ಕಮ್ಮಿ ಬೀಳೋ ಸದ್ದು. ಡ್ರಮ್ಸ್ ಮತ್ತು ಗಿಟಾರ್ ಆ್ಯಂಪ್ ತಾವಾಗೇ ಜೋರು, ನಮ್ಮಂಥ ಹಾಲ್‌ಗೆ ಅವನ್ನು ಸ್ಪೀಕರ್‌ನಲ್ಲಿ ಹೆಚ್ಚು ಕೊಡಬೇಕಾಗಿಲ್ಲ. ಕಂಠಕ್ಕೆ ಮಾತ್ರ ಸಹಾಯ ಬೇಕು. ಹಾಗಾಗಿ ಕೇಬಲ್‌ನಲ್ಲಿ ನಮಗೆ ಬಂದದ್ದು ಕಿವಿಗೆ ಹತ್ತಿರದ ಕಂಠ, ಪಕ್ಕದ ರೂಮಿನಲ್ಲಿ ಬಾರಿಸಿದ ಹಾಗಿರೋ ಡ್ರಮ್ಸ್. ಹಾಲ್‌ನ ಗುಂಗು ಇಲ್ಲ. ಜನರಂತೂ ಇಲ್ಲವೇ ಇಲ್ಲ, ಯಾಕಂದ್ರೆ ಹಾಡುವ ಮೈಕ್ ತನ್ನ ಮುಂದೆ, ಹತ್ತಿರ ಇರೋದನ್ನೇ ಹೆಚ್ಚು ಹಿಡಿಯುತ್ತೆ. ಅಳಿದುಳಿದ ಚಪ್ಪಾಳೆಯನ್ನು ನಾವೇ ಕತ್ತರಿಸಿದ್ದೆವು.

ಆಗ ನಮ್ಮ ಕ್ಲಾಸಿನ ಒಬ್ಬಳು ತನ್ನ ಫೋನ್‌ನಲ್ಲಿದ್ದ ರೆಕಾರ್ಡಿಂಗ್ ಕಳಿಸಿದಳು. ಮಧ್ಯದ ಸಾಲಿನಲ್ಲಿ ಕೂತು ಮಾಡಿದ್ದು. ಬೇಸ್ ಇಲ್ಲ, ಜೋರಾದ ಕಡೆ ಒಡೆಯುತ್ತೆ, ಜನ ಕೂಗಿದ ಕೂಡಲೇ ಫೋನ್ ತಾನಾಗೇ ಲೆವೆಲ್ ಇಳಿಸಿಬಿಡುತ್ತೆ. ಆದರೆ ಕೊನೆಯ ಹಾಡಿಗೆ ಬಂದಾಗ ನಾವೆಲ್ಲ ಸುಮ್ಮನಾದೆವು.

ಆ ಹಾಡಿನ ಮಧ್ಯೆ ಕರೆಂಟ್ ಹೋಗಿತ್ತು. ನಮ್ಮ ಫೈಲ್‌ನಲ್ಲಿ ಅಲ್ಲಿ ಬರೀ ಮೌನ ಇತ್ತು. ಜನರೇಟರ್ ಬರೋವರೆಗಿನ ಆ ಭಾಗವನ್ನು ಕತ್ತರಿಸಿ, ಎರಡೂ ತುದಿಯನ್ನು ಗೊತ್ತಾಗದ ಹಾಗೆ ಅಂಟಿಸಿದ್ದೆವು. ಫೋನ್‌ನಲ್ಲಿ ಮಾತ್ರ ಅದು ಪೂರ್ತಿ ಇದೆ. ಒಂದು ಕ್ಷಣ 'ಅಯ್ಯೋ' ಅಂತಾರೆ. ಡ್ರಮ್ಸ್ ನಿಲ್ಲಲ್ಲ. ಮುಂದಿನ ಸಾಲಿನಿಂದ ಯಾರೋ ಚರಣ ಎತ್ತಿಕೊಳ್ತಾರೆ, ಆಮೇಲೆ ಇಡೀ ಹಾಲ್ ಕತ್ತಲಲ್ಲಿ ಮೈಕಿಲ್ಲದೆ ಹಾಡುತ್ತೆ. ಶ್ರುತಿ ಸರಿಯಿಲ್ಲ, ತಾಳ ಸ್ವಲ್ಪ ಓಡುತ್ತೆ. ಆ ಸಂಜೆಯಲ್ಲಿ ಅದಕ್ಕಿಂತ ಒಳ್ಳೇದು ಬೇರೇನೂ ಆಗಿರಲಿಲ್ಲ.

ನಾವು ಅಲ್ಲೇ ಇದ್ದೆವು. ಆದರೂ ನಮಗೆ ಅದು ನೆನಪಿರಲಿಲ್ಲ. ಆಗ ನಾವು ಫೈಲ್ ಸೇವ್ ಆಯ್ತಾ ಇಲ್ವಾ ಅಂತ ಲ್ಯಾಪ್‌ಟಾಪ್ ನೋಡ್ತಾ ಇದ್ದೆವು.

ಎರಡನ್ನೂ ಸೇರಿಸಿದ್ದು ಹೇಗೆ?

ಮಿಕ್ಸರ್ ಟ್ರ್ಯಾಕ್ ಮತ್ತು ಜನರ ಮಧ್ಯದ ಟ್ರ್ಯಾಕ್ ಬೆರೆಸೋದಕ್ಕೆ ಟೇಪ್ ಅಭಿಮಾನಿಗಳು ಮ್ಯಾಟ್ರಿಕ್ಸ್ ಅಂತಾರೆ. ಸುಲಭ ಅನ್ಕೊಂಡೆವು, ಆಗಲಿಲ್ಲ. ಮೂರು ಸಮಸ್ಯೆ ಬಂತು, ಮೂರೂ ನಮ್ಮ ಸಿಲಬಸ್‌ನಲ್ಲೇ ಇರೋವು.

ಒಂದು, ತಡ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಸ್ಪೀಕರ್‌ನಿಂದ 20 ಮೀಟರ್ ದೂರ ಇದ್ದ ಫೋನ್‌ಗೆ ಸದ್ದು ಸುಮಾರು 58 ಮಿಲಿಸೆಕೆಂಡ್ ತಡವಾಗಿ ತಲುಪುತ್ತೆ. ಹಾಗೇ ಬೆರೆಸಿದರೆ ಒಂದೇ ಡ್ರಮ್ ಪೆಟ್ಟು ಎರಡು ಸಲ ಕೇಳುತ್ತೆ. ಎರಡು ಸಿಗ್ನಲ್‌ಗಳ ಕ್ರಾಸ್-ಕೋರಿಲೇಶನ್ ತೆಗೆದು, ಅದು ಎಲ್ಲಿ ಗರಿಷ್ಠವೋ ಅಷ್ಟು ಸರಿಸಬೇಕು.

ಎರಡು, ಗಡಿಯಾರ. ಫೋನ್ ಮತ್ತು ಲ್ಯಾಪ್‌ಟಾಪ್ ಎರಡರ ಕ್ರಿಸ್ಟಲ್ ಒಂದೇ ವೇಗದಲ್ಲಿ ಓಡಲ್ಲ. ಹತ್ತು ಲಕ್ಷದಲ್ಲಿ 20 ಭಾಗದಷ್ಟು ವ್ಯತ್ಯಾಸ ಇದ್ದರೂ ಒಂದು ಗಂಟೆಯಲ್ಲಿ 72 ಮಿಲಿಸೆಕೆಂಡ್ ಜಾರುತ್ತೆ. ಶುರುವಿನಲ್ಲಿ ಸರಿ ಇದ್ದದ್ದು ಕೊನೆಯಲ್ಲಿ ಪ್ರತಿಧ್ವನಿ ಆಗುತ್ತೆ. ಅದಕ್ಕೆ ಎರಡೂ ತುದಿಯಲ್ಲಿ ಹೊಂದಿಸಿ, ಮಧ್ಯದ್ದನ್ನು ಒಂಚೂರು ಹಿಗ್ಗಿಸಬೇಕು.

ಮೂರು, ಕೂಂಬ್ ಫಿಲ್ಟರಿಂಗ್. ಹೊಂದಿಸಿದ ಮೇಲೂ 1 ಮಿಲಿಸೆಕೆಂಡ್ ವ್ಯತ್ಯಾಸ ಉಳಿದರೆ 500, 1500, 2500 ಹರ್ಟ್ಸ್‌ಗಳಲ್ಲಿ ಎರಡು ಸದ್ದು ಒಂದನ್ನೊಂದು ಅಳಿಸುತ್ತವೆ, ಕಂಠ ಡಬ್ಬದೊಳಗಿಂದ ಬಂದ ಹಾಗಾಗುತ್ತೆ. ಅದಕ್ಕೆ ಹಾಡು ನಡೆಯುವಾಗ ಫೋನ್ ಟ್ರ್ಯಾಕ್ ಕಡಿಮೆ ಇಟ್ಟು, ಹಾಡಿನ ಕೊನೆಗೆ ಮತ್ತು ಜನ ಜೊತೆಗೆ ಹಾಡುವಲ್ಲಿ ಮಾತ್ರ ಏರಿಸಿದೆವು. ಕರೆಂಟ್ ಹೋದ ಕಡೆ ಫೋನ್ ಒಂದೇ. ಅಲ್ಲಿ ಸದ್ದು ಒಡೆದರೂ ನಾವು ಮುಟ್ಟಲಿಲ್ಲ.

ಈ ಸಲ ರೆಕಾರ್ಡ್ ಮಾಡುವವರಿಗೆ

1. ಸ್ಟೇಜಿನ ಎರಡೂ ತುದಿಯಲ್ಲಿ ಜನರ ಕಡೆ ತಿರುಗಿಸಿದ ಎರಡು ಮೈಕ್ ಇಡಿ. ಅವು ಬೇರೆ ಟ್ರ್ಯಾಕ್‌ಗೆ ಹೋಗಲಿ, ಸ್ಪೀಕರ್‌ಗೆ ಬೇಡ.
2. ಎಲ್ಲವೂ ಒಂದೇ ರೆಕಾರ್ಡರ್‌ಗೆ ಹೋಗಲಿ, ಗಡಿಯಾರದ ಸಮಸ್ಯೆಯೇ ಇರಲ್ಲ.
3. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಲೆವೆಲ್ ಮೇಲೆ ಜಾಗ ಬಿಡಿ. ಕಡಿಮೆ ಇದ್ದರೆ ಏರಿಸಬಹುದು, ಒಡೆದದ್ದನ್ನು ಸರಿಯಾಗಿ ಜೋಡಿಸೋಕೆ ಆಗಲ್ಲ.
4. ರೆಕಾರ್ಡರ್ ಮತ್ತು ಆ ಎರಡು ಮೈಕ್ ಬ್ಯಾಟರಿ ಮೇಲೆ ಓಡಲಿ. ಯಾಕೆ ಅಂತ ಈಗ ನಿಮಗೂ ಗೊತ್ತು.
5. ಹಾಡುಗಳ ಮಧ್ಯದ ಮಾತು, ನಗು, ತಪ್ಪಿ ಮತ್ತೆ ಶುರು ಮಾಡಿದ್ದು ಇವನ್ನು ಕತ್ತರಿಸೋ ಮುಂಚೆ ಎರಡು ಸಲ ಕೇಳಿ.
6. ಆಮೇಲೆ ರೂಮಿನಲ್ಲಿ ಮತ್ತೆ ಹಾಡಿಸಿ ಸೇರಿಸಬೇಡಿ. ಸ್ಟೇಜ್ ಮೇಲೆ ಸಿಗದೇ ಇರೋದನ್ನು ಆಲ್ಬಮ್‌ನಲ್ಲಿ ಮಾರಬೇಡಿ.

ಹೊಸದಾಗಿ ಮಿಕ್ಸ್ ಮಾಡಿದ್ದನ್ನು ಅದೇ ಜೂನಿಯರ್‌ಗೆ ಕಳಿಸಿದೆವು. ರಾತ್ರಿ ರೂಮಿಗೇ ಬಂದ. 'ಅಣ್ಣಾ, ಕೊನೇ ಹಾಡಲ್ಲಿ ಮಧ್ಯ ಹಾಡಿದ್ದು ಯಾರು?' ಅಂತ ಕೇಳಿದ. ಕರೆಂಟ್ ಹೋದದ್ದು, ಜನ ಹಾಡಿದ್ದು ಎಲ್ಲ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಈ ಸಲಾನೂ ಹೋಗುತ್ತಾ?' ಅಂದ.

ಒಬ್ಬ ಹುಡುಗ ಕೇಳಿದ್ದರಿಂದ ಏನೂ ಸಾಬೀತಾಗಲ್ಲ, ಗೊತ್ತು. ಆದರೆ ಮೊದಲ ಸಲ ಅವನು 'ಇಲ್ಲೇ ಕೇಳಬಹುದಲ್ಲ' ಅಂದಿದ್ದ. ಕರೆಂಟ್ ಬಗ್ಗೆ ನಾವು ಗ್ಯಾರಂಟಿ ಕೊಡೋಕಾಗಲ್ಲ, ಬಂದು ನೋಡು ಅಂದೆವು. ರೂಮ್‌ಮೇಟ್‌ಗಳನ್ನೂ ಕರ್ಕೊಂಡು ಬರ್ತೀನಿ ಅಂದಿದ್ದಾನೆ.